ಬೋರ್ಡಿನಲ್ಲಿ ಹೆಣ್ಣುಮಕ್ಕಳು: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪನಿ ಸೆಕ್ರೆಟರಿ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಅಜೆಂಡಾ ಕಳಿಸುವುದು, ಮೀಟಿಂಗಿನ ಮಿನಿಟ್ಸ್, ಅಂದರೆ ನಡಾವಳಿ, ಬರೆಯುವುದು, ಫಾರಂ ತುಂಬುವುದು ನನ್ನ ದಿನದ ಕೆಲಸ. ಬೋರ್ಡ್ ರೂಮಿನ ಮೂಲೆಯ ಕುರ್ಚಿಯಲ್ಲಿ ಕೂತು ನೋಡಿದ್ದೇ ಜಾಸ್ತಿ. ಮದುವೆ ಮನೆಯಲ್ಲಿ, ಕಾಲೇಜಿನ ಭಾಷಣ ಮುಗಿದ ಮೇಲೆ, ಪತ್ರಗಳಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಜನ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಇವೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದುಕೊಂಡು ಉತ್ತರ ಕೊಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಅರ್ಥವಾಗುತ್ತದೆ.

## ಮೊದಲು ಬುನಾದಿ

ಬೋರ್ಡು ಅಂದ್ರೆ ಏನು ಮೇಡಂ? ಅಲ್ಲಿ ಕೂತವರು ನಿಜಕ್ಕೂ ಏನು ಮಾಡ್ತಾರೆ?

ಮನೆಯ ದಿನದ ಖರ್ಚು ನೋಡುವುದು ಬೇರೆ, ಜಮೀನು ಮಾರಬೇಕೋ ಬೇಡವೋ ಅಂತ ಕೂತು ತೀರ್ಮಾನ ಮಾಡುವುದು ಬೇರೆ. ಕಂಪನಿಯಲ್ಲಿ ಎರಡನೆಯ ಕೆಲಸ ಮಾಡುವವರೇ ಬೋರ್ಡು, ಅಂದರೆ ನಿರ್ದೇಶಕರ ಮಂಡಳಿ. ಎಂಡಿ ಯಾರಾಗಬೇಕು, ಅವರಿಗೆ ಎಷ್ಟು ಸಂಬಳ, ಎಷ್ಟು ಸಾಲ ಎತ್ತಬೇಕು, ಯಾವ ಕಾರ್ಖಾನೆ ತೆರೆಯಬೇಕು, ಯಾವುದನ್ನು ಮುಚ್ಚಬೇಕು, ವರ್ಷದ ಲೆಕ್ಕ ಸರಿಯಿದೆಯೋ ಇಲ್ಲವೋ ಎಂಬುದೆಲ್ಲ ಅಲ್ಲಿಗೆ ಬರುತ್ತದೆ. ಪಬ್ಲಿಕ್ ಕಂಪನಿಯ, ಅಂದರೆ ಸಾರ್ವಜನಿಕರಿಗೂ ಷೇರು ಮಾರಬಹುದಾದ ಕಂಪನಿಯ, ಬೋರ್ಡು ವರ್ಷಕ್ಕೆ ಕನಿಷ್ಠ 4 ಸಲ ಸೇರಬೇಕು. ಎರಡು ಮೀಟಿಂಗಿನ ನಡುವೆ 120 ದಿನಕ್ಕಿಂತ ಜಾಸ್ತಿ ಅಂತರ ಬೀಳುವಂತಿಲ್ಲ.

ನಮ್ಮ ಊರ ಕಡೆ ಜಮೀನು ಮಾರುವ ಮಾತು ಜಗಲಿಯ ಮೇಲೆ ನಡೆಯುತ್ತಿತ್ತು. ಹೆಂಗಸರು ಒಳಗೆ ಕಾಫಿ ಕಾಯಿಸುತ್ತಿದ್ದರು. ಆ ಜಮೀನಿನಲ್ಲಿ ಕಳೆ ಕಿತ್ತವರು ಅವರೇ. ಕಂಪನಿಗಳ ಜಗಲಿಯಲ್ಲೂ ಬಹಳ ವರ್ಷ ಹೀಗೇ ಇತ್ತು.

ಒಬ್ಬ ಮಹಿಳೆ ಇರಲೇಬೇಕು ಅಂತ ಕಾನೂನು ಇದೆಯಂತಲ್ಲ, ಎಲ್ಲಾ ಕಂಪನಿಗೂ ಅನ್ವಯಿಸುತ್ತಾ?

ಇಲ್ಲ. 2013ರ ಕಂಪನಿ ಕಾಯ್ದೆಯ 149ನೇ ಕಲಮಿನಲ್ಲಿ ಈ ಮಾತು ಬಂತು. ಯಾವ ಯಾವ ಕಂಪನಿಗೆ ಎಂಬುದನ್ನು 2014ರ ನಿಯಮಗಳು ಹೇಳುತ್ತವೆ. ಷೇರು ಮಾರುಕಟ್ಟೆಯಲ್ಲಿ ಲಿಸ್ಟ್ ಆದ ಎಲ್ಲ ಕಂಪನಿಗಳು ಇದರಲ್ಲಿ ಬರುತ್ತವೆ. ಲಿಸ್ಟ್ ಆಗದಿದ್ದರೂ 100 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಪಾವತಿಯಾದ ಷೇರು ಬಂಡವಾಳ ಇರುವ, ಇಲ್ಲವೇ 300 ಕೋಟಿ ರೂಪಾಯಿ ಅಥವಾ ಹೆಚ್ಚು ವಹಿವಾಟು ಇರುವ ಪಬ್ಲಿಕ್ ಕಂಪನಿಗಳೂ ಬರುತ್ತವೆ. ಇವರ ಬೋರ್ಡಿನಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕು. ಆಕೆ ಬಿಟ್ಟು ಹೋದರೆ ಮುಂದಿನ ಬೋರ್ಡ್ ಮೀಟಿಂಗ್ ಅಥವಾ 3 ತಿಂಗಳು, ಯಾವುದು ತಡವೋ ಅಷ್ಟರೊಳಗೆ ಆ ಜಾಗ ತುಂಬಬೇಕು.

ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ ಈ ನಿಯಮ ಇಲ್ಲ. ಬೆಂಗಳೂರಿನ ಬಹುಪಾಲು ಸ್ಟಾರ್ಟಪ್‌ಗಳು ಪ್ರೈವೇಟ್ ಲಿಮಿಟೆಡ್. ನಮ್ಮ ಊರಿನ ಹೊಸ ದುಡ್ಡು, ಹೊಸ ಉದ್ಯೋಗ ಹುಟ್ಟುವ ಜಾಗವೇ ಈ ಕಾನೂನಿನ ಹೊರಗಿದೆ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಸ್ವತಂತ್ರ ನಿರ್ದೇಶಕಿ ಅಂತಾರಲ್ಲ, ಹಾಗಾದ್ರೆ ಉಳಿದವರು ಸ್ವತಂತ್ರರಲ್ವಾ?

ಇದು ಕಾನೂನಿನ ಪದ. ಪ್ರವರ್ತಕರ, ಅಂದರೆ ಕಂಪನಿ ಕಟ್ಟಿದ ಮಾಲೀಕರ, ಮನೆಯವರಾಗಿರಬಾರದು, ಹಿಂದಿನ 3 ವರ್ಷ ಅಲ್ಲಿ ನೌಕರಿ ಮಾಡಿರಬಾರದು, ಕಂಪನಿ ಜೊತೆ ದೊಡ್ಡ ವ್ಯವಹಾರ ಇಟ್ಟುಕೊಂಡಿರಬಾರದು, ತಾನೂ ತನ್ನ ಸಂಬಂಧಿಕರೂ ಸೇರಿ ಮತದ ಹಕ್ಕಿನಲ್ಲಿ 2% ಅಥವಾ ಅದಕ್ಕಿಂತ ಹೆಚ್ಚು ಹಿಡಿದಿರಬಾರದು. ಹೀಗೆ ಉದ್ದ ಪಟ್ಟಿಯೇ ಇದೆ. ಇವೆಲ್ಲ ದಾಟಿದವರು ಸ್ವತಂತ್ರ ನಿರ್ದೇಶಕರು. ಮಾಲೀಕರ ಮುಖ ನೋಡಿ ಮಾತಾಡುವ ಅಗತ್ಯ ಇಲ್ಲದವರು ಟೇಬಲ್ಲಿನಲ್ಲಿ ನಾಲ್ಕು ಜನ ಇರಲಿ ಎಂಬುದೇ ಉದ್ದೇಶ.

ಕಾನೂನು ಬಂದಾಗ ಎಲ್ಲರೂ ಹೆಂಡತಿ, ಮಗಳನ್ನೇ ತಂದು ಕೂರಿಸಿದ್ರಂತೆ, ಹೌದಾ?

ಎಲ್ಲರೂ ಅಲ್ಲ, ಆದರೆ ಬಹಳ ಜನ ಹಾಗೇ ಮಾಡಿದರು. ಷೇರು ಮಾರುಕಟ್ಟೆಯ ಮೇಲೆ ಕಣ್ಣಿಡುವ ಸಂಸ್ಥೆ ಸೆಬಿ ಮೊದಲು 2014ರ ಅಕ್ಟೋಬರ್ 1ರ ಗಡುವು ಕೊಟ್ಟಿತು. ಕಂಪನಿಗಳು ಅಲುಗಾಡಲಿಲ್ಲ. ಗಡುವು 2015ರ ಏಪ್ರಿಲ್ 1ಕ್ಕೆ ಹೋಯಿತು. ಆ ಮಾರ್ಚ್ ತಿಂಗಳು ನನಗೆ ಚೆನ್ನಾಗಿ ನೆನಪಿದೆ. ದಿನಾ ಫೋನು. "ಮೇಡಂ, ಯಾರಾದ್ರೂ ಲೇಡಿ ಇದ್ರೆ ಹೇಳಿ, 31ರೊಳಗೆ ಬೇಕು." ಓದು ಏನಿರಬೇಕು, ಅನುಭವ ಎಷ್ಟಿರಬೇಕು ಎಂದು ಕೇಳಿದವರು ಕಡಿಮೆ. ಗಡುವು ದಾಟಿದ ಮೇಲೂ ಮೊದಲ ಮೂರು ತಿಂಗಳಿಗೆ ದಂಡ ಬರೀ 50,000 ರೂಪಾಯಿ. ಅಷ್ಟು ದೊಡ್ಡ ಕಂಪನಿಗೆ ಅದೆಷ್ಟರ ಮಾತು?

ರಿಲಯನ್ಸ್ ಕಂಪನಿ 2014ರ ಜೂನ್‌ನಲ್ಲಿ ನೀತಾ ಅಂಬಾನಿಯವರನ್ನು ಬೋರ್ಡಿಗೆ ತಂದಾಗ ದೇಶದಲ್ಲೆಲ್ಲ ಈ ಚರ್ಚೆ ಎದ್ದಿತ್ತು. ಹೆಂಡತಿ ಬಂದರೆ ಮಹಿಳೆ ಬಂದ ಹಾಗೆ ಆಯಿತಾ ಎಂದು ಜನ ಕೇಳಿದರು. ಕಾನೂನಿನ ಲೆಕ್ಕದಲ್ಲಿ ಆಯಿತು.

ಮನೆಯವರು ಎಂದ ತಕ್ಷಣ ಕೈಲಾಗದವರು ಎಂದುಕೊಳ್ಳುವುದೂ ತಪ್ಪು. ಎಚ್‌ಸಿಎಲ್ ಟೆಕ್ ಕಂಪನಿಗೆ 2020ರಲ್ಲಿ ರೋಶನಿ ನಾಡಾರ್ ಅಧ್ಯಕ್ಷೆಯಾದರು. ಲಿಸ್ಟ್ ಆದ ಭಾರತದ ಐಟಿ ಕಂಪನಿಯೊಂದಕ್ಕೆ ಮಹಿಳೆ ಅಧ್ಯಕ್ಷೆಯಾದದ್ದು ಅದೇ ಮೊದಲು. ಅವರು ಸ್ಥಾಪಕರ ಮಗಳು. ಗಂಡು ಮಕ್ಕಳು ಅಪ್ಪನ ಕುರ್ಚಿಗೆ ಬಂದಾಗ ಯಾರೂ ಈ ಪ್ರಶ್ನೆ ಕೇಳುವುದಿಲ್ಲ ಅಲ್ವಾ?

ಉದಯ್ ಕೋಟಕ್ ನೇತೃತ್ವದ ಸಮಿತಿ 2017ರಲ್ಲಿ ವರದಿ ಕೊಟ್ಟಿತು. ಅದರ ಮೇಲೆ ಸೆಬಿ ನಿಯಮ ಬಿಗಿ ಮಾಡಿತು. ಮಾರುಕಟ್ಟೆ ಬೆಲೆಯಲ್ಲಿ ಮೊದಲ 500 ಕಂಪನಿಗಳಲ್ಲಿ 2019ರ ಏಪ್ರಿಲ್‌ನಿಂದ, ಮೊದಲ 1000 ಕಂಪನಿಗಳಲ್ಲಿ 2020ರ ಏಪ್ರಿಲ್‌ನಿಂದ ಒಬ್ಬ ಸ್ವತಂತ್ರ ಮಹಿಳಾ ನಿರ್ದೇಶಕಿ ಇರಲೇಬೇಕು. ಮನೆಯವರನ್ನು ಕೂರಿಸಿ ಕೈತೊಳೆದುಕೊಳ್ಳುವ ದಾರಿ ದೊಡ್ಡ ಕಂಪನಿಗಳಿಗೆ ಅಲ್ಲಿಗೆ ಮುಚ್ಚಿತು.

ಈಗ ಎಷ್ಟು ಜನ ಇದ್ದಾರೆ?

ಕಾನೂನು ಬರುವ ಮುಂಚೆ ದೊಡ್ಡ ಕಂಪನಿಗಳಲ್ಲಿ ಇಪ್ಪತ್ತು ಕುರ್ಚಿಗೆ ಹೆಚ್ಚುಕಡಿಮೆ ಒಬ್ಬ ಮಹಿಳೆ ಇದ್ದರು. ಈಗ ಐದು ಕುರ್ಚಿಗೆ ಸುಮಾರು ಒಬ್ಬರು. ಆದರೆ ಎಂಡಿ, ಸಿಇಒ ಕುರ್ಚಿ ಎಣಿಸಿದರೆ ಮತ್ತೆ ಇಪ್ಪತ್ತಕ್ಕೆ ಒಬ್ಬರ ಆಸುಪಾಸೇ. ಕಾನೂನು ಮುಟ್ಟಿದ ಕಡೆ ಬದಲಾವಣೆ ಆಯಿತು, ಮುಟ್ಟದ ಕಡೆ ಆಗಲಿಲ್ಲ. "ಕಾನೂನು ಯಾಕೆ, ತಾನಾಗೇ ಬರುತ್ತಾರೆ" ಎನ್ನುವವರಿಗೆ ನಾನು ತೋರಿಸುವುದು ಈ ಎರಡು ಲೆಕ್ಕವನ್ನೇ.

## ವಾದ ಮಾಡುವವರ ಪ್ರಶ್ನೆಗಳು

ಮೆರಿಟ್ ನೋಡಿ ತಗೊಳ್ಲಿ, ಹೆಣ್ಣು ಅಂತ ಯಾಕೆ ಕುರ್ಚಿ ಕೊಡ್ಬೇಕು?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಇಷ್ಟು ವರ್ಷ ಬೋರ್ಡಿಗೆ ಗಂಡಸರನ್ನು ಯಾವ ಪರೀಕ್ಷೆ ಇಟ್ಟು ತಗೊಂಡರು? ಪರೀಕ್ಷೆ ಇರಲಿಲ್ಲ. ಜಾಹೀರಾತೂ ಇರಲಿಲ್ಲ. ಒಂದೇ ಕಾಲೇಜಿನಲ್ಲಿ ಓದಿದವರು, ಕ್ಲಬ್ಬಿನಲ್ಲಿ ಪರಿಚಯವಾದವರು, ನಿವೃತ್ತರಾದ ಅಧಿಕಾರಿಗಳು. "ನಮಗೆ ಗೊತ್ತಿರೋರು" ಎಂಬುದೇ ಮೆರಿಟ್ ಆಗಿತ್ತು.

1974ರಲ್ಲಿ ಟಾಟಾ ಗುಂಪಿನ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲ ಎಂದಿತ್ತು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದುತ್ತಿದ್ದ ಸುಧಾ ಅವರು ಜೆಆರ್‌ಡಿ ಟಾಟಾ ಅವರಿಗೆ ಒಂದು ಪೋಸ್ಟ್ ಕಾರ್ಡ್ ಬರೆದರು. ಕರೆಸಿದರು, ಕೆಲಸ ಕೊಟ್ಟರು. ಸುಧಾ ಮೂರ್ತಿಯವರ ಈ ಕಥೆ ಕನ್ನಡದ ಮನೆ ಮನೆಗೂ ಗೊತ್ತು. ನನ್ನನ್ನು ಕಾಡುವುದು ಬೇರೆಯೇ. ಅದೇ ಜಾಹೀರಾತು ಓದಿ, ನಮಗಲ್ಲ ಬಿಡು ಎಂದು ಪೇಪರ್ ಮಡಚಿಟ್ಟ ಹುಡುಗಿಯರು ಎಷ್ಟು ಜನ ಇದ್ದರೋ. ಅವರ ಮೆರಿಟ್ಟನ್ನು ಯಾರು ಅಳೆದರು?

ಕಿರಣ್ ಮಜುಂದಾರ್ ಶಾ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಓದಿ ಬಂದವರು. ಹೆಣ್ಣು ಎಂಬ ಕಾರಣಕ್ಕೆ ಇಲ್ಲಿ ಬಿಯರ್ ತಯಾರಿಕೆಯ ಮುಖ್ಯಸ್ಥೆಯ ಕೆಲಸ ಯಾರೂ ಕೊಡಲಿಲ್ಲ. 1978ರಲ್ಲಿ 10,000 ರೂಪಾಯಿ ಹಾಕಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಬಯೋಕಾನ್ ಶುರು ಮಾಡಿದರು. ಬ್ಯಾಂಕುಗಳು ಸಾಲ ಕೊಡಲು ಹಿಂದೆ ಮುಂದೆ ನೋಡಿದವು. ಅದೇ ಕಿರಣ್ 2014ರಲ್ಲಿ ಇನ್ಫೋಸಿಸ್ ಬೋರ್ಡಿಗೆ ಬಂದರು. 2018ರಲ್ಲಿ ಅಲ್ಲಿನ ಸ್ವತಂತ್ರ ನಿರ್ದೇಶಕರ ಮುಂದಾಳಾದರು, 2023ರಲ್ಲಿ ನಿವೃತ್ತರಾದರು. ಆ ನಲವತ್ತು ವರ್ಷದಲ್ಲಿ ಯೋಗ್ಯತೆ ಹೊಸದಾಗಿ ಹುಟ್ಟಲಿಲ್ಲ. ನೋಡುವವರ ಕಣ್ಣು ಬದಲಾಗಲು ಅಷ್ಟು ಕಾಲ ಹಿಡಿಯಿತು.

ಹೆಂಗಸರು ಬೋರ್ಡಿಗೆ ಬಂದ್ರೆ ಲಾಭ ಜಾಸ್ತಿ ಆಗುತ್ತಂತೆ, ನಿಜಾನಾ?

ಹಾಗೆ ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ಮಹಿಳೆಯರಿರುವ ಕಂಪನಿ, ಇಲ್ಲದ ಕಂಪನಿ ಎಂದು ಎರಡು ಗುಂಪು ಮಾಡಿ ಲಾಭ ಹೋಲಿಸುವ ವರದಿಗಳು ಬರುತ್ತಲೇ ಇರುತ್ತವೆ. ಚೆನ್ನಾಗಿ ನಡೆಯುವ ಕಂಪನಿಗಳೇ ಮಹಿಳೆಯರನ್ನು ಕರೆದಿರಬಹುದಲ್ಲ? ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದವರಿಗೆ ಸಿಕ್ಕ ವ್ಯತ್ಯಾಸ ಬಹಳ ಸಣ್ಣದು.

ಆದರೆ ಒಂದು ವಿಷಯ ಗಟ್ಟಿಯಾಗಿ ಕಂಡಿದೆ. ಅಮೆರಿಕದ ಕಂಪನಿಗಳ ಬಗ್ಗೆ 2009ರಲ್ಲಿ ಬಂದ ಅಧ್ಯಯನವೊಂದರ ಪ್ರಕಾರ ಮಹಿಳಾ ನಿರ್ದೇಶಕರು ಮೀಟಿಂಗ್ ತಪ್ಪಿಸುವುದು ಕಡಿಮೆ. ಅವರಿರುವ ಬೋರ್ಡಿನಲ್ಲಿ ಗಂಡಸರ ಹಾಜರಿಯೂ ಸುಧಾರಿಸುತ್ತದೆ. ಲೆಕ್ಕಪತ್ರ ತಪಾಸಣೆ ಮಾಡುವ ಕಮಿಟಿಗಳಲ್ಲಿ ಅವರು ಹೆಚ್ಚು ಕೂರುತ್ತಾರೆ. ಅದೇ ಅಧ್ಯಯನ, ಇದರಿಂದ ಎಲ್ಲಾ ಕಂಪನಿಗೂ ಲಾಭ ಏರುತ್ತದೆ ಎಂದು ಹೇಳುವುದಿಲ್ಲ.

ಲಾಭದ ಆಸೆ ತೋರಿಸಿ ಹೆಣ್ಣುಮಕ್ಕಳಿಗೆ ಜಾಗ ಕೇಳುವುದೇ ನನಗೆ ಸರಿಕಾಣುವುದಿಲ್ಲ. ಆ ಕಂಪನಿಯಲ್ಲಿ ದುಡಿಯುವವರಲ್ಲಿ, ಅದರ ಸೋಪು ಕೊಳ್ಳುವವರಲ್ಲಿ, ಅದರ ಷೇರಿಗೆ ದುಡ್ಡು ಹಾಕುವವರಲ್ಲಿ ಹೆಂಗಸರಿದ್ದಾರೆ. ತೀರ್ಮಾನ ಮಾಡುವ ಕಡೆ ಅವರು ಯಾಕಿರಬಾರದು ಎಂದು ಹೇಳಬೇಕಾದವರು ಇನ್ನೊಂದು ಕಡೆಯವರು.

ಇದೂ ಪಂಚಾಯ್ತಿ ಮೀಸಲಾತಿ ಥರಾನೇ ಆಗಲ್ವಾ? ಅಧ್ಯಕ್ಷೆ ಹೆಂಡತಿ, ಅಧಿಕಾರ ಗಂಡಂದು?

ಹೋಲಿಕೆ ಸರಿಯಾಗಿದೆ. ಆದರೆ ಪಂಚಾಯ್ತಿ ಕಥೆಯನ್ನು ಅರ್ಧಕ್ಕೇ ನಿಲ್ಲಿಸಬೇಡಿ. ಕರ್ನಾಟಕ 1983ರ ಕಾಯ್ದೆಯಲ್ಲೇ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತುಗಳಲ್ಲಿ 25% ಸ್ಥಾನ ಮಹಿಳೆಯರಿಗೆ ಇಟ್ಟಿತ್ತು. 1987ರಲ್ಲಿ ಚುನಾವಣೆಯೂ ಆಯಿತು. ದೇಶಕ್ಕೆಲ್ಲ ಮೂರನೇ ಒಂದು ಪಾಲು ಮೀಸಲು ಬಂದದ್ದು 1993ರಲ್ಲಿ, ಸಂವಿಧಾನದ 73ನೇ ತಿದ್ದುಪಡಿಯಿಂದ. ಆಮೇಲೆ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು.

ಮೊದಲ ಸಲ ಗೆದ್ದ ಎಷ್ಟೋ ಹೆಂಗಸರ ಪಕ್ಕದಲ್ಲಿ ಗಂಡನೋ ಮೈದುನನೋ ಕೂತಿರುತ್ತಿದ್ದ, ಮಾತಾಡುತ್ತಿದ್ದವನೂ ಅವನೇ. ಅದು ಇವತ್ತಿಗೂ ಪೂರ್ತಿ ಹೋಗಿಲ್ಲ. ಆದರೆ ನನ್ನ ತವರಿನಲ್ಲಿ ಕಂಡದ್ದು ಹೇಳುತ್ತೇನೆ. ನಮ್ಮ ಬೀದಿಯ ಒಬ್ಬರು ಮೊದಲ ವರ್ಷ ಪಂಚಾಯ್ತಿಯಲ್ಲಿ ತಲೆ ಎತ್ತುತ್ತಿರಲಿಲ್ಲ. ಮೂರನೇ ವರ್ಷ ಬೋರ್‌ವೆಲ್ ಬಿಲ್ಲನ್ನು ಕೈಯಲ್ಲಿ ಹಿಡಿದು, "ಎಷ್ಟು ಅಡಿ ಕೊರೆದ್ರಿ, ಕೇಸಿಂಗ್ ಪೈಪು ಎಷ್ಟು ಅಡಿ ಇಳಿಸಿದ್ರಿ, ಬನ್ನಿ ತೋರಿಸಿ" ಎಂದು ಕಂಟ್ರಾಕ್ಟರನ್ನು ಜಾಗಕ್ಕೇ ಎಳೆದುಕೊಂಡು ಹೋದರು. ಅವರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಆ ಬೋರ್‌ವೆಲ್ಲಿನಿಂದ ಕೊಡ ಹೊತ್ತವರು ಅವರು.

ಬೋರ್ಡಿನಲ್ಲೂ ನಾನು ಕಂಡದ್ದು ಇದನ್ನೇ. ಹೆಸರಿಗೆ ಬಂದವರು ಕಾಗದ ಓದಲು ಶುರು ಮಾಡಿದ ದಿನ ಹೆಸರಿಗೆ ಉಳಿಯುವುದಿಲ್ಲ. ಹಾಗಾಗಿ ಕುರ್ಚಿ ಕೊಟ್ಟರಷ್ಟೇ ಸಾಲದು, ಕಾಗದವನ್ನೂ ಕೊಡಬೇಕು, ಅದೂ ಟೈಮಿಗೆ ಸರಿಯಾಗಿ.

ಒಬ್ಬರಿದ್ದಾರಲ್ಲ, ಸಾಕಲ್ವಾ?

ಸಾಲದು. ಒಬ್ಬರೇ ಇದ್ದಾಗ ಏನಾಗುತ್ತದೆ ಎಂಬುದನ್ನು ಮೂಲೆಯ ಕುರ್ಚಿಯಿಂದ ಬಹಳ ಸಲ ನೋಡಿದ್ದೇನೆ. ಒಂದು ಮೀಟಿಂಗಿನಲ್ಲಿ ಒಂಬತ್ತು ಗಂಡಸರು, ಒಬ್ಬ ಮಹಿಳೆ. ಸಾಲಗಾರರ ಪಟ್ಟಿಯಲ್ಲಿ ಒಂದೇ ವಿಳಾಸದ ಎರಡು ಕಂಪನಿ ಇದ್ದವು. ಆಕೆ ಹಳದಿ ಚೀಟಿ ಅಂಟಿಸಿಕೊಂಡು ಬಂದಿದ್ದರು. ಕೇಳಿದರು. "ಅದನ್ನ ಆಮೇಲೆ ನೋಡೋಣ ಮೇಡಂ" ಎಂದು ಅಧ್ಯಕ್ಷರು ಮುಂದೆ ಹೋದರು. ಹತ್ತು ನಿಮಿಷದ ನಂತರ ಹಿರಿಯರೊಬ್ಬರು ಅದನ್ನೇ ಕೇಳಿದರು. "ಒಳ್ಳೇ ಪಾಯಿಂಟು ಸಾರ್" ಎಂದರು. ಪೆನ್ನು ನನ್ನ ಕೈಯಲ್ಲಿತ್ತು. ಮಿನಿಟ್ಸಿನಲ್ಲಿ ಮೊದಲು ಕೇಳಿದವರ ಹೆಸರನ್ನೇ ಬರೆದೆ.

ಒಬ್ಬರಿದ್ದರೆ ಅವರು ಎಲ್ಲ ಹೆಂಗಸರ ಪರವಾಗಿ ಬಂದವರ ಹಾಗೆ ಕಾಣುತ್ತಾರೆ. ಇಬ್ಬರಿದ್ದರೆ ಜೊತೆಗಾರರಾಗುತ್ತಾರೆ. ಮೂವರಾದಾಗ ಅವರನ್ನು ಬರೀ ನಿರ್ದೇಶಕರಾಗಿ ನೋಡಲು ಶುರುವಾಗುತ್ತದೆ. ಅಮೆರಿಕದ ಬೋರ್ಡುಗಳಲ್ಲಿ ಕೂತ ಮಹಿಳೆಯರನ್ನು ಮಾತಾಡಿಸಿ ಬರೆದ ಅಧ್ಯಯನದಲ್ಲೂ ಮೂರು ಎಂಬ ಸಂಖ್ಯೆಯೇ ಬಂದಿದೆ. ನಮ್ಮ ಕಾನೂನು ಇನ್ನೂ ಒಂದರಲ್ಲೇ ನಿಂತಿದೆ.

ಪೀಣ್ಯದಲ್ಲಿ ಬಟ್ಟೆ ಹೊಲಿಯೋ ನಮ್ಮಂಥವರಿಗೆ ಇದ್ರಿಂದ ಏನು ಬಂತು?

ಈ ಪ್ರಶ್ನೆ ಒಂದು ಕಾರ್ಮಿಕರ ಸಭೆಯಲ್ಲಿ ಬಂತು. ಕೇಳಿದ ತಾಯಿಗೆ ನಾನು ಸುಳ್ಳು ಹೇಳಲಿಲ್ಲ. ನೇರವಾಗಿ ಬಂದದ್ದು ಕಡಿಮೆ. ನಾರ್ವೆಯಲ್ಲಿ ಕಾನೂನು ಬಂದು ವರ್ಷಗಳ ನಂತರ ನೋಡಿದಾಗಲೂ ಮೇಲೆ ಕೂತವರಿಗೆ ಆದ ಅನುಕೂಲ ಕೆಳಗಿನ ಹೆಣ್ಣುಮಕ್ಕಳವರೆಗೆ ಇಳಿದಿರಲಿಲ್ಲ.

ಆದರೂ ಇದು ಯಾಕೆ ಮುಖ್ಯ ಎಂಬುದಕ್ಕೆ 2016ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಪಿಎಫ್ ದುಡ್ಡು ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಕಟ್ಟುನಿಟ್ಟಿನ ನಿಯಮ ತಂದಿತು. ಕಂಪನಿ ಹಾಕಿದ ಪಾಲು ವಯಸ್ಸಾಗುವವರೆಗೆ ಕೈಗೆ ಸಿಗುವುದಿಲ್ಲ ಎಂದಾಯಿತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗೆ ಇಳಿದರು. ಹೊಸೂರು ರಸ್ತೆ ನಿಂತುಹೋಯಿತು. ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಪಿಎಫ್ ಅಂದರೆ ಆ ಹೆಣ್ಣುಮಕ್ಕಳಿಗೆ ಮಗಳ ಫೀಸು, ಗಂಡನ ಆಸ್ಪತ್ರೆ ಬಿಲ್ಲು, ಕೆಲಸ ಬಿಟ್ಟಾಗ ಕೈಗೆ ಸಿಗುವ ಒಂದೇ ಗಂಟು. ನಿಯಮ ಬರೆದ ಕೋಣೆಯಲ್ಲಿ ಇದು ಗೊತ್ತಿದ್ದ ಒಬ್ಬರು ಇದ್ದಿದ್ದರೆ ರಸ್ತೆಗೆ ಇಳಿಯುವ ಸ್ಥಿತಿ ಬರುತ್ತಿರಲಿಲ್ಲ.

ಅದು ಸರ್ಕಾರದ ಕೋಣೆ. ಕಂಪನಿಯ ಕೋಣೆಯಲ್ಲಿ ಈಗ ಹಿಡಿಯಲು ಒಂದು ಹಗ್ಗ ಸಿಕ್ಕಿದೆ. 2025ರ ಜುಲೈ 14ರಿಂದ ಜಾರಿಗೆ ಬಂದ ನಿಯಮದಂತೆ, ಲೈಂಗಿಕ ಕಿರುಕುಳದ ದೂರು ಎಷ್ಟು ಬಂದವು, ಎಷ್ಟು ಇತ್ಯರ್ಥವಾದವು, 90 ದಿನಕ್ಕಿಂತ ಜಾಸ್ತಿ ಎಷ್ಟು ಬಾಕಿ ಉಳಿದಿವೆ ಎಂದು ಬೋರ್ಡಿನ ವರದಿಯಲ್ಲಿ ಬರೆಯಬೇಕು. ಹೆಣ್ಣು, ಗಂಡು ಎಷ್ಟೆಷ್ಟು ನೌಕರರು ಎಂಬುದನ್ನೂ, ಹೆರಿಗೆ ಸೌಲಭ್ಯದ ಕಾಯ್ದೆ ಪಾಲಿಸಿದ್ದೇವೆ ಎಂಬುದನ್ನೂ ಹೇಳಬೇಕು. ಸಾವಿರಾರು ಹೆಣ್ಣುಮಕ್ಕಳಿರುವ ಕಂಪನಿಯಲ್ಲಿ ವರ್ಷಪೂರ್ತಿ ದೂರು "ಸೊನ್ನೆ" ಎಂದು ಬಂದರೆ ಬೋರ್ಡಿನಲ್ಲಿರುವ ಮಹಿಳೆ ಅಲ್ಲೇ ನಿಲ್ಲಿಸಿ ಕೇಳಬೇಕು. ಕಿರುಕುಳ ಇಲ್ಲವೋ, ಹೇಳಲು ಹೆದರುತ್ತಾರೋ?

ಬೇರೆ ದೇಶದಲ್ಲಿ ಹೇಗಿದೆ?

ದಾರಿ ತೋರಿಸಿದ್ದು ನಾರ್ವೆ. 2003ರಲ್ಲಿ ಕಾನೂನು ಮಾಡಿ, ಪಬ್ಲಿಕ್ ಕಂಪನಿಗಳ ಬೋರ್ಡಿನಲ್ಲಿ ಗಂಡು, ಹೆಣ್ಣು ಯಾರೂ 40%ಗಿಂತ ಕಡಿಮೆ ಇರಬಾರದು ಎಂದಿತು. ತಾವಾಗೇ ಮಾಡಲಿ ಎಂದು ಮೊದಲು ಕಾದು ನೋಡಿದರು, ಆಗಲಿಲ್ಲ. ಕಡ್ಡಾಯ ಮಾಡಿ 2008ರ ಗಡುವು ಕೊಟ್ಟರು. ಪಾಲಿಸದಿದ್ದರೆ ಕಂಪನಿಯನ್ನೇ ಮುಚ್ಚಿಸಬಹುದಿತ್ತು. ಗಡುವಿನ ಹೊತ್ತಿಗೆ ಬಹುಪಾಲು ಕಂಪನಿಗಳಿಗೆ ಮಹಿಳೆಯರು ಸಿಕ್ಕಿದರು!

ಫ್ರಾನ್ಸ್ 2011ರ ಕಾನೂನಿನಲ್ಲಿ 40% ಕೇಳಿತು. ಇಡೀ ಯುರೋಪಿಯನ್ ಒಕ್ಕೂಟಕ್ಕೆ 2022ರಲ್ಲಿ ನಿಯಮ ಬಂದು, ದೊಡ್ಡ ಲಿಸ್ಟೆಡ್ ಕಂಪನಿಗಳಿಗೆ 2026ರ ಜೂನ್ ಅಂತ್ಯದ ಗುರಿ ಇಟ್ಟರು. ಬ್ರಿಟನ್ ಕಾನೂನು ಮಾಡದೆ ಗುರಿ ಇಟ್ಟು, ಹೆಸರು ಹಿಡಿದು ವರದಿ ಪ್ರಕಟಿಸುವ ದಾರಿ ಹಿಡಿಯಿತು. ಅಮೆರಿಕದ ಕ್ಯಾಲಿಫೋರ್ನಿಯಾ 2018ರಲ್ಲಿ ಕಾನೂನು ಮಾಡಿತ್ತು, ಅದನ್ನು 2022ರಲ್ಲಿ ಕೋರ್ಟು ರದ್ದು ಮಾಡಿತು.

## ಡೈರೆಕ್ಟರ್ ಆಗುವವರ, ಆಗಿರುವವರ ಪ್ರಶ್ನೆಗಳು

ನಮ್ಮನೆಯವರು ಸುಮ್ನೆ ಒಂದು ಸಹಿ ಹಾಕು ಅಂತಿದಾರೆ. ಹಾಕ್ಲಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಕೊಡುವಾಗ ನನಗೆ ಪ್ರತಿ ಸಲವೂ ಹೊಟ್ಟೆ ತಳಮಳ ಆಗುತ್ತದೆ.

ಪ್ರೈವೇಟ್ ಲಿಮಿಟೆಡ್ ಮಾಡಲು ಇಬ್ಬರು ಡೈರೆಕ್ಟರು ಬೇಕು. ಗಂಡ ಒಬ್ಬ, ಇನ್ನೊಬ್ಬರು ಯಾರು? ಹೆಂಡತಿ. ಪ್ಯಾನ್, ಆಧಾರ್, ಒಂದು ಫೋಟೋ ಕೊಟ್ಟರೆ ಆಯಿತು. ಆಕೆಯ ಹೆಸರಿನಲ್ಲಿ ಡಿಜಿಟಲ್ ಸಹಿ ಮಾಡಿಸುತ್ತಾರೆ. ಅದೊಂದು ಪೆನ್‌ಡ್ರೈವ್ ಥರದ ಟೋಕನ್. ಅದು ಆಕೆಯ ಹತ್ತಿರ ಇರುವುದೇ ಇಲ್ಲ. ಆಡಿಟರ್ ಆಫೀಸುಗಳ ಡ್ರಾಯರಿನಲ್ಲಿ ಇಂಥ ಟೋಕನ್‌ಗಳನ್ನು ಕಂತೆಗಟ್ಟಲೆ ನೋಡಿದ್ದೇನೆ. ಒಂದೊಂದಕ್ಕೂ ಬಿಳಿ ಚೀಟಿ ಸುತ್ತಿ, ಹೆಸರು ಬರೆದು, ರಬ್ಬರ್ ಬ್ಯಾಂಡ್ ಹಾಕಿರುತ್ತಾರೆ. ಚೀಟಿಯ ಮೇಲೇ ಪಾಸ್‌ವರ್ಡ್. ಆ ಹೆಣ್ಣುಮಗಳು ಮನೆಯಲ್ಲಿ ಒಗ್ಗರಣೆ ಹಾಕುತ್ತಿರುವಾಗ ಆಕೆಯ ಸಹಿ ಇಲ್ಲಿ ಬ್ಯಾಲೆನ್ಸ್ ಶೀಟಿಗೆ ಬೀಳುತ್ತಿರುತ್ತದೆ.

ಇದರಿಂದ ಏನಾಗುತ್ತದೆ? ಕಂಪನಿ 3 ವರ್ಷ ಲೆಕ್ಕ ಸಲ್ಲಿಸದಿದ್ದರೆ ಅದರ ನಿರ್ದೇಶಕರು 5 ವರ್ಷ ಅನರ್ಹರಾಗುತ್ತಾರೆ. 2017ರಲ್ಲಿ ಸರ್ಕಾರ ಹೀಗೆ 3 ಲಕ್ಷಕ್ಕಿಂತ ಹೆಚ್ಚು ಜನರನ್ನು ಅನರ್ಹ ಪಟ್ಟಿಗೆ ಹಾಕಿತು. ತಮ್ಮ ಹೆಸರಿನಲ್ಲಿ ಕಂಪನಿ ಇರುವುದೇ ಅವತ್ತು ಗೊತ್ತಾದವರು ನನ್ನ ಹತ್ತಿರ ಬಂದಿದ್ದಾರೆ. ಚೆಕ್ ಬೌನ್ಸ್ ಆದರೆ ಡೈರೆಕ್ಟರ್ ಎಂದು ಸಮನ್ಸ್ ಬರಬಹುದು. ಬ್ಯಾಂಕಿನ ಸಾಲಕ್ಕೆ ವೈಯಕ್ತಿಕ ಜಾಮೀನು ಎಂದು ಸಹಿ ಮಾಡಿದ್ದರೆ ತವರು ಕೊಟ್ಟ ಸೈಟೂ ಹೋಗಬಹುದು. ಸಂಬಂಧ ಮುರಿದು ಬೇರೆಯಾದ ಮೇಲೂ ಕಂಪನಿಯ ಕಾಗದದಲ್ಲಿ ಹೆಸರು ಹಾಗೇ ಇರುತ್ತದೆ.

ಸಹಿ ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಓದಿ ಹಾಕಿ. ಟೋಕನ್ ನಿಮ್ಮ ಬೀರುವಿನಲ್ಲಿರಲಿ. ಒಟಿಪಿ ಬರುವ ಫೋನ್ ನಂಬರು, ಇಮೇಲ್ ನಿಮ್ಮದೇ ಆಗಿರಲಿ. ವರ್ಷಕ್ಕೊಮ್ಮೆ ಬ್ಯಾಲೆನ್ಸ್ ಶೀಟು ತರಿಸಿ, ಸಾಲ ಎಷ್ಟು, ಯಾರಿಗೆ ಕೊಡಬೇಕು ಎಂದು ಕೇಳಿ. "ನಿಂಗ್ಯಾಕೆ ಇದೆಲ್ಲ" ಎಂದರೆ, "ಹಾಗಾದ್ರೆ ನನ್ನ ಹೆಸರು ಯಾಕೆ" ಎಂದು ಕೇಳಿ. ನೀವು ಒಂದು ಕಂಪನಿಯ ಬೋರ್ಡಿನಲ್ಲಿದ್ದೀರಿ. ಇನ್ಫೋಸಿಸ್ ನಿರ್ದೇಶಕಿಗೆ ಇರುವ ಹೊಣೆ ನಿಮಗೂ ಬಹುಮಟ್ಟಿಗೆ ಇದೆ.

ನಾನು ಬ್ಯಾಂಕಿನಿಂದ ರಿಟೈರ್ ಆಗಿದ್ದೀನಿ. ಸ್ವತಂತ್ರ ನಿರ್ದೇಶಕಿ ಆಗೋಕೆ ಏನು ಮಾಡ್ಬೇಕು?

ಮೊದಲು ಕೇಂದ್ರದ ಕಂಪನಿ ವ್ಯವಹಾರಗಳ ಇಲಾಖೆಯ ಸ್ವತಂತ್ರ ನಿರ್ದೇಶಕರ ಡೇಟಾಬ್ಯಾಂಕಿನಲ್ಲಿ ಹೆಸರು ನೋಂದಾಯಿಸಿ. 2019ರ ಡಿಸೆಂಬರ್‌ನಿಂದ ಇದು ಕಡ್ಡಾಯ. ಆಮೇಲೆ 2 ವರ್ಷದೊಳಗೆ ಒಂದು ಆನ್‌ಲೈನ್ ಪರೀಕ್ಷೆ ಪಾಸಾಗಬೇಕು. ಕಂಪನಿ ಕಾನೂನು, ಸೆಬಿ ನಿಯಮ, ಸ್ವಲ್ಪ ಅಕೌಂಟ್ಸ್. 50% ಬಂದರೆ ಪಾಸು, ಎಷ್ಟು ಸಲ ಬೇಕಾದರೂ ಬರೆಯಬಹುದು. ಕೆಲವು ಅನುಭವಿಗಳಿಗೆ ವಿನಾಯಿತಿಯೂ ಇದೆ.

ಪರೀಕ್ಷೆ ಕಷ್ಟ ಅಲ್ಲ. ಕರೆ ಬರುವುದು ಕಷ್ಟ. ನಿಮ್ಮ ಬಯೋಡೇಟಾದಲ್ಲಿ ಹುದ್ದೆಗಳನ್ನು ಸಾಲಾಗಿ ಬರೆಯುವ ಬದಲು, ನೀವು ಬಿಡಿಸಿದ ಸಮಸ್ಯೆ ಬರೆಯಿರಿ. "ಮೂವತ್ತು ವರ್ಷ ಸೇವೆ" ಎನ್ನುವುದಕ್ಕಿಂತ "ಸಣ್ಣ ಉದ್ದಿಮೆಗಳ ವಸೂಲಾಗದ ಸಾಲದ ವಿಭಾಗ ನಡೆಸಿದೆ" ಎಂಬ ಒಂದು ಸಾಲು ಲೆಕ್ಕಪತ್ರ ನೋಡುವ ಆಡಿಟ್ ಕಮಿಟಿಯವರ ಕಣ್ಣಿಗೆ ಬೇಗ ಬೀಳುತ್ತದೆ.

ದುಡ್ಡು ಎಷ್ಟು ಸಿಗುತ್ತೆ?

ಒಂದು ಮೀಟಿಂಗಿಗೆ ಗೌರವಧನ 1 ಲಕ್ಷ ರೂಪಾಯಿ ಮೀರುವಂತಿಲ್ಲ. ಸಣ್ಣ ಕಂಪನಿಗಳಲ್ಲಿ ಕೆಲವೇ ಸಾವಿರ. ದೊಡ್ಡ ಕಂಪನಿಗಳು ಇದರ ಮೇಲೆ ಲಾಭದಲ್ಲಿ ಕಮಿಷನ್ ಕೊಡುತ್ತವೆ. ಸ್ವತಂತ್ರ ನಿರ್ದೇಶಕರಿಗೆ ಸ್ಟಾಕ್ ಆಪ್ಷನ್, ಅಂದರೆ ಕಂಪನಿಯ ಷೇರನ್ನು ಮೊದಲೇ ಗೊತ್ತು ಮಾಡಿದ ಬೆಲೆಗೆ ಕೊಳ್ಳುವ ಹಕ್ಕು, ಇಲ್ಲ. ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಾಲು ನಿಯಮದಲ್ಲಿದೆ. ಮಹಿಳಾ ನಿರ್ದೇಶಕರ ಮತ್ತು ಸ್ವತಂತ್ರ ನಿರ್ದೇಶಕರ ಗೌರವಧನ ಉಳಿದ ನಿರ್ದೇಶಕರಿಗೆ ಕೊಡುವುದಕ್ಕಿಂತ ಕಡಿಮೆ ಇರುವಂತಿಲ್ಲ. ಕಡಿಮೆ ಕೊಟ್ಟರೆ ಆ ಸಾಲು ತೋರಿಸಿ.

ಕಂಪನಿ ತಪ್ಪು ಮಾಡಿದ್ರೆ ನನ್ನನ್ನ ಹಿಡೀತಾರಾ?

ನಿಮಗೆ ಗೊತ್ತಿದ್ದು, ನೀವು ಒಪ್ಪಿ ಅಥವಾ ಕಂಡೂ ಸುಮ್ಮನಿದ್ದು ನಡೆದದ್ದಕ್ಕೆ, ಇಲ್ಲವೇ ನೀವು ಎಚ್ಚರ ವಹಿಸದೆ ನಡೆದದ್ದಕ್ಕೆ ಮಾತ್ರ ಸ್ವತಂತ್ರ ನಿರ್ದೇಶಕರು ಹೊಣೆ. ಇದನ್ನು ಕಾಯ್ದೆಯೇ ಹೇಳುತ್ತದೆ. "ಗೊತ್ತಿತ್ತು" ಎನ್ನುವುದಕ್ಕೆ ಸಾಕ್ಷಿ ಅಜೆಂಡಾ ಕಾಗದಗಳು. ನಿಮಗೆ ಕಳಿಸಿದ ಕಾಗದದಲ್ಲಿ ಇದ್ದರೆ, ಓದಲಿಲ್ಲ ಎಂದು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸೇರುವ ಮುಂಚೆ ನಿರ್ದೇಶಕರ ಹೊಣೆಗಾರಿಕೆ ವಿಮೆ ಇದೆಯಾ ಎಂದು ಕೇಳಿ. ಮಾರುಕಟ್ಟೆ ಬೆಲೆಯಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಇದು ಕಡ್ಡಾಯ. ಹಿಂದಿನವರು ಯಾಕೆ ಬಿಟ್ಟರು ಎಂಬುದನ್ನೂ ವಿಚಾರಿಸಿ. ಲಿಸ್ಟೆಡ್ ಕಂಪನಿಯ ಸ್ವತಂತ್ರ ನಿರ್ದೇಶಕರು ಬಿಡುವಾಗ ವಿವರವಾದ ಕಾರಣ ಕೊಡಬೇಕು. ಆ ಪತ್ರ ಷೇರುಪೇಟೆಯ ವೆಬ್‌ಸೈಟಿನಲ್ಲಿರುತ್ತದೆ.

ನಾನು ಹೇಳಿದ್ದು ಮಿನಿಟ್ಸಿಗೇ ಬರಲ್ಲ. ಏನ್ಮಾಡ್ಲಿ?

ಮಿನಿಟ್ಸ್ ಬರೆಯುವವಳಾಗಿ ಹೇಳುತ್ತೇನೆ. ನೀವು ಗೊಣಗಿದರೆ ನಾನು ಬರೆಯಲಾರೆ. "ಈ ನಿರ್ಣಯಕ್ಕೆ ನನ್ನ ಒಪ್ಪಿಗೆ ಇಲ್ಲ, ಹೆಸರು ದಾಖಲಿಸಿ" ಎಂದರೆ ಬರೆಯದೆ ಇರಲಾರೆ. ವಿರೋಧಿಸಿದವರ ಹೆಸರನ್ನು ಬರೆಯಬೇಕು ಎಂದು ಕಾಯ್ದೆಯ 118ನೇ ಕಲಮು ಹೇಳುತ್ತದೆ. ಕರಡು ಮಿನಿಟ್ಸ್ 15 ದಿನದೊಳಗೆ ನಿಮಗೆ ಬರಬೇಕು. ತಿದ್ದುಪಡಿ ಹೇಳಲು 7 ದಿನ ಇರುತ್ತದೆ. ಆ ಏಳು ದಿನವನ್ನು ಬಿಡಬೇಡಿ. ಇಮೇಲ್‌ನಲ್ಲೇ ಬರೆಯಿರಿ, ಫೋನಿನಲ್ಲಿ ಹೇಳಬೇಡಿ.

ಕಾಗದವೇ ಹಿಂದಿನ ರಾತ್ರಿ ಬಂದರೆ? ಮೀಟಿಂಗಿನ ನೋಟಿಸು 7 ದಿನ ಮುಂಚೆ ಬರಬೇಕು. ಒಬ್ಬ ನಿರ್ದೇಶಕಿ ಇದಕ್ಕೆ ಒಂದು ಸರಳ ದಾರಿ ಹಿಡಿದಿದ್ದರು. ತಡವಾಗಿ ಬಂದ ವಿಷಯ ಬಂದಾಗಲೆಲ್ಲ, "ಇದು ನನಗೆ ನಿನ್ನೆ ರಾತ್ರಿ 11ಕ್ಕೆ ಬಂತು, ಮುಂದಿನ ಮೀಟಿಂಗಿಗೆ ಹಾಕಿ" ಎಂದು ದನಿ ಏರಿಸದೆ ಹೇಳುತ್ತಿದ್ದರು. ಮೂರನೇ ಮೀಟಿಂಗಿನಿಂದ ಕಾಗದ ಎಲ್ಲರಿಗೂ ವಾರ ಮುಂಚೆ ಬರತೊಡಗಿತು.

## ಇನ್ನೂ ಒಳಗೆ ಹೋಗಿ ಕೇಳುವವರಿಗೆ

ಸರ್ಕಾರಿ ಕಂಪನಿಗಳೇ ಈ ನಿಯಮ ಪಾಲಿಸಲ್ವಂತೆ?

ಹೌದು, ಇದು ಬೇಸರದ ಸಂಗತಿ. ತೈಲ, ಅನಿಲದಂಥ ಕ್ಷೇತ್ರದ ದೊಡ್ಡ ಸರ್ಕಾರಿ ಕಂಪನಿಗಳಿಗೆ ಷೇರುಪೇಟೆಗಳು ಇದೇ ಕಾರಣಕ್ಕೆ ಮತ್ತೆ ಮತ್ತೆ ದಂಡ ಹಾಕಿವೆ. ದಿನಕ್ಕೆ 5,000 ರೂಪಾಯಿ ಲೆಕ್ಕ. ಅಲ್ಲಿ ನಿರ್ದೇಶಕರನ್ನು ನೇಮಿಸುವುದು ಕಂಪನಿಯಲ್ಲ, ಸಚಿವಾಲಯ. ಫೈಲು ದೆಹಲಿಯಲ್ಲಿ ಕೂತಿರುತ್ತದೆ. ನಮ್ಮ ಕೈಯಲ್ಲಿಲ್ಲ ಎಂದು ಕಂಪನಿ ದಂಡ ಮನ್ನಾ ಕೇಳುತ್ತದೆ. ಕಾನೂನು ಮಾಡಿದವರೇ ಕುರ್ಚಿ ಖಾಲಿ ಬಿಟ್ಟರೆ ಉಳಿದವರಿಗೆ ಹೇಳುವುದು ಹೇಗೆ?

ಎಲ್ಲಾ ಕಂಪನಿಯಲ್ಲೂ ಅದೇ ಹತ್ತು ಹೆಸರು ಕಾಣುತ್ತಲ್ಲ?

ನಾರ್ವೆಯಲ್ಲೂ ಹೀಗಾಗಿ, ಅಂಥವರಿಗೆ "ಬಂಗಾರದ ಲಂಗದವರು" ಎಂದು ಹೆಸರಿಟ್ಟರು. ಹತ್ತು ಬೋರ್ಡಿನಲ್ಲಿ ಕೂತ ಗಂಡಸರಿಗೆ ಯಾರೂ ಅಡ್ಡ ಹೆಸರು ಇಟ್ಟಿರಲಿಲ್ಲ ಎಂಬುದು ಬೇರೆ ಮಾತು. ನಮ್ಮಲ್ಲಿ ಒಬ್ಬರು 7ಕ್ಕಿಂತ ಹೆಚ್ಚು ಲಿಸ್ಟೆಡ್ ಕಂಪನಿಗಳಲ್ಲಿ ನಿರ್ದೇಶಕರಾಗಿ ಇರುವಂತಿಲ್ಲ.

ಇನ್ನೊಂದು ಬದಲಾವಣೆ ಈಗ ನಡೆಯುತ್ತಿದೆ. ಸ್ವತಂತ್ರ ನಿರ್ದೇಶಕರ ಅವಧಿ 5 ವರ್ಷ, ಹೆಚ್ಚೆಂದರೆ ಸತತ ಎರಡು ಅವಧಿ. 2014, 2015ರಲ್ಲಿ ಬಂದವರ ಹತ್ತು ವರ್ಷ 2024ರಿಂದ ಮುಗಿಯುತ್ತಾ ಬಂತು. ಆ ಜಾಗಕ್ಕೆ ಹೊಸಬರು ಬೇಕು. ಗುಂಪಿನೊಳಗಿನವರನ್ನೇ ಕೇಳಿದರೆ ಮತ್ತೆ ಅದೇ ಹೆಸರು ಬರುತ್ತದೆ. ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಬ್ಯಾಂಕು, ವಿಶ್ವವಿದ್ಯಾಲಯ, ಆಸ್ಪತ್ರೆ, ಸಹಕಾರ ಸಂಘ ನಡೆಸಿದ ಎಷ್ಟು ಹೆಣ್ಣುಮಕ್ಕಳಿಲ್ಲ! ಹುಡುಕುವವರು ಮುಂಬೈ, ದೆಹಲಿ ಬಿಟ್ಟು ಆಚೆ ಬರಬೇಕು ಅಷ್ಟೇ.

ನನ್ನ ಹತ್ರ ನಲವತ್ತು ಷೇರು ಇದೆ. ನಾನೇನು ಮಾಡೋಕಾಗುತ್ತೆ?

ವಾರ್ಷಿಕ ವರದಿ ಇಮೇಲ್‌ಗೆ ಬರುತ್ತದಲ್ಲ, ಅಳಿಸುವ ಮುಂಚೆ ತೆರೆಯಿರಿ. ಕಾರ್ಪೊರೇಟ್ ಗವರ್ನೆನ್ಸ್ ಎಂಬ ಭಾಗಕ್ಕೆ ಹೋಗಿ. ಅಲ್ಲೊಂದು ಟೇಬಲ್ಲಿದೆ. ಯಾರು ಎಷ್ಟು ಮೀಟಿಂಗಿಗೆ ಬಂದರು ಎಂದು ಬರೆದಿರುತ್ತದೆ. ಮಹಿಳಾ ನಿರ್ದೇಶಕಿಯ ಹೆಸರಿನ ಮುಂದೆ ನೋಡಿ. ಆಮೇಲೆ ಆಡಿಟ್ ಕಮಿಟಿ, ನಿರ್ದೇಶಕರನ್ನು ಆರಿಸುವ ನಾಮಿನೇಷನ್ ಕಮಿಟಿಯಲ್ಲಿ ಆಕೆ ಇದ್ದಾರಾ ನೋಡಿ. ನಿಜವಾದ ಕೆಲಸ ನಡೆಯುವುದು ಅಲ್ಲಿ. ಸಮಾಜಸೇವೆಯ ಖರ್ಚು ನೋಡುವ ಸಿಎಸ್‌ಆರ್ ಕಮಿಟಿಯಲ್ಲಿ ಮಾತ್ರ ಇದ್ದರೆ, ಹಣದ ವಿಷಯದಿಂದ ಆಕೆಯನ್ನು ದೂರ ಇಟ್ಟಿದ್ದಾರೆಯೇ ಎಂದು ಕೇಳಬೇಕಾಗುತ್ತದೆ.

ಹೊಸ ನಿರ್ದೇಶಕರ ನೇಮಕಕ್ಕೆ ನಿಮ್ಮ ಮತ ಕೇಳುತ್ತಾರೆ. ಇ-ವೋಟಿಂಗ್ ಲಿಂಕ್ ಬರುತ್ತದೆ, ಎರಡು ನಿಮಿಷದ ಕೆಲಸ. ವಾರ್ಷಿಕ ಸಭೆ ಈಗ ಬಹಳ ಕಡೆ ವಿಡಿಯೊದಲ್ಲೇ ನಡೆಯುತ್ತದೆ. ಮಾತಾಡಲು ಮೊದಲೇ ಹೆಸರು ಕೊಟ್ಟರೆ ಅವಕಾಶ ಸಿಗುತ್ತದೆ. ಕಳೆದ ವರ್ಷ ಒಂದು ಕಂಪನಿಯ ಸಭೆಯಲ್ಲಿ ಶಿವಮೊಗ್ಗ ಕಡೆಯ ನಿವೃತ್ತ ಟೀಚರೊಬ್ಬರು ಪರದೆಯ ಮೇಲೆ ಬಂದರು. ಹಿಂದೆ ಗೋಡೆಯ ಮೇಲೆ ಕ್ಯಾಲೆಂಡರು, ಎಲ್ಲೋ ಕುಕ್ಕರ್ ಸೀಟಿ. ವರದಿಯ ಪುಟದ ಸಂಖ್ಯೆ ಹೇಳಿ, "ನಿಮ್ಮ ಮಹಿಳಾ ನಿರ್ದೇಶಕಿ ಐದರಲ್ಲಿ ಒಂದೇ ಮೀಟಿಂಗಿಗೆ ಬಂದಿದ್ದಾರೆ. ಯಾಕೆ ಸಾರ್?" ಎಂದು ಕನ್ನಡದಲ್ಲೇ ಕೇಳಿದರು. ಅಧ್ಯಕ್ಷರು ಪಕ್ಕಕ್ಕೆ ತಿರುಗಿ ನೋಡಿದರು. ಆ ಪ್ರಶ್ನೆ ಸಭೆಯ ನಡಾವಳಿಯಲ್ಲಿ ದಾಖಲಾಯಿತು. ಮುಂದಿನ ಬೋರ್ಡ್ ಮೀಟಿಂಗಿಗೆ ಆಕೆ ಬಂದರು, ಫೈಲಿನಲ್ಲಿ ಪೆನ್ಸಿಲ್ ಗುರುತು ಮಾಡಿಕೊಂಡು.